ಮಂಡಿನೋವಿಗೆ ಆರು ವಾರದ ಪಾಠ

ಮಂಡಿನೋವಿಗೆ ಮಾತ್ರೆಯಿಲ್ಲದ ಉಪಾಯ ಕೇಳಿದರೆ ನಮ್ಮಲ್ಲಿ ಸಲಹೆಗಳಿಗೆ ಬರವಿಲ್ಲ. ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿ ಎನ್ನುತ್ತಾರೆ, ಮಹಾನಾರಾಯಣ ತೈಲ ತೀಡಿ ಎನ್ನುತ್ತಾರೆ, ಮೆಂತ್ಯ ನೆನೆಸಿ ತಿನ್ನಿ ಎನ್ನುತ್ತಾರೆ. ಶಾಖ ಕೊಟ್ಟರೆ ಒಂದಿಷ್ಟು ಹೊತ್ತು ಹಾಯೆನಿಸುವುದು ನಿಜ, ಆ ಸಮಾಧಾನ ಸಣ್ಣದೇನಲ್ಲ. ಆದರೆ ಇವೆಲ್ಲದರಲ್ಲೂ ನೋವಿರುವವರು ಸುಮ್ಮನೆ ಕಾಲು ಚಾಚಿ ಕೂತಿರುತ್ತಾರೆ, ಕೆಲಸವೆಲ್ಲ ಎಣ್ಣೆಯದು, ಎಲೆಯದು. ನೋವಿರುವವರ ಕೈಗೇ ಕೆಲಸ ಕೊಡುವ ಒಂದು ಪದ್ಧತಿಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೊರಿಗ್ ಎಂಬ ನರ್ಸ್ 1970ರ ದಶಕದ ಕೊನೆಯಲ್ಲಿ ಕಟ್ಟಿದರು. ಕೀಲುರೋಗ ತಜ್ಞ ಜೇಮ್ಸ್ ಫ್ರೈಸ್ ಜೊತೆಗೂಡಿ ಅವರು ಬರೆದ ‘ದಿ ಆರ್ಥರೈಟಿಸ್ ಹೆಲ್ಪ್‌ಬುಕ್’ 1980ರಲ್ಲಿ ಬಂತು. ನಾಲ್ಕು ದಶಕ ದಾಟಿದ ಆ ಪದ್ಧತಿಯನ್ನು ಇಂದು ತೂಗಿ ನೋಡುವ ಅಗತ್ಯವಿದೆ.

ಅದರ ಸ್ವರೂಪ ಸರಳ. ಆರು ವಾರ, ವಾರಕ್ಕೊಂದು ಸಲ ಸುಮಾರು ಎರಡು ಗಂಟೆ, ಹತ್ತು ಹನ್ನೆರಡು ಜನ ಒಟ್ಟಿಗೆ ಕೂರುತ್ತಾರೆ. ಪಾಠ ನಡೆಸುವವರು ವೈದ್ಯರಲ್ಲ. ತರಬೇತಿ ಪಡೆದ ಸಾಮಾನ್ಯ ಜನ, ಅವರಲ್ಲೂ ಹಲವರಿಗೆ ಅದೇ ಕೀಲುನೋವು. ಪ್ರತಿ ವಾರದ ಕೊನೆಗೆ ಒಬ್ಬೊಬ್ಬರೂ ಮುಂದಿನ ವಾರ ತಾವು ಮಾಡುವ ಒಂದೇ ಕೆಲಸವನ್ನು ಹೇಳಬೇಕು: ಏನು, ಎಷ್ಟು, ಯಾವಾಗ, ಎಷ್ಟು ದಿನ. ಜೊತೆಗೆ ಅದು ತಮ್ಮಿಂದ ಆದೀತೆಂಬ ಭರವಸೆ ಎಷ್ಟಿದೆ ಎಂದು ಹತ್ತಕ್ಕೆ ಅಂಕ ಹಾಕಿಕೊಳ್ಳಬೇಕು. ಅಂಕ ಏಳಕ್ಕಿಂತ ಕೆಳಗಿದ್ದರೆ ಕೆಲಸವನ್ನೇ ಚಿಕ್ಕದು ಮಾಡಿಕೊಳ್ಳಬೇಕು. ಇಡೀ ಪದ್ಧತಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ಏಳರ ಗೆರೆ. ‘ದಿನಾ ಒಂದು ಗಂಟೆ ವಾಕಿಂಗ್ ಮಾಡಿ’ ಎಂದು ಹೇಳಿಸಿಕೊಂಡು ಬಂದವರ ಸಂಕಲ್ಪ ಮೂರು ದಿನಕ್ಕೆ ಮುರಿಯುತ್ತದೆ, ಮುರಿದ ಮೇಲೆ ತನ್ನ ಕೈಲಿ ಆಗದು ಎಂಬ ನಿರಾಸೆಯೂ ನೋವಿನ ಜೊತೆ ಸೇರಿಕೊಳ್ಳುತ್ತದೆ. ‘ವಾರದಲ್ಲಿ ನಾಲ್ಕು ದಿನ, ಬೆಳಗಿನ ಕಾಫಿಯಾದ ಮೇಲೆ ಹತ್ತು ನಿಮಿಷ’ ಎಂಬುದು ಉಳಿದುಕೊಳ್ಳುತ್ತದೆ.

ಫಲ ಏನು? ಪಾಠಕ್ಕೆ ಬಂದವರನ್ನು ನಾಲ್ಕು ವರ್ಷದ ಬಳಿಕ ನೋಡಿ ಲೊರಿಗ್ ಮತ್ತು ಸಂಗಡಿಗರು 1993ರಲ್ಲಿ ವರದಿ ಪ್ರಕಟಿಸಿದರು. ನೋವು ಸರಾಸರಿ ಶೇ 20ರಷ್ಟು ಇಳಿದಿತ್ತು, ವೈದ್ಯರ ಬಳಿ ಹೋಗುವುದು ಶೇ 40ರಷ್ಟು ತಗ್ಗಿತ್ತು. ಆದರೆ ಅದೇ ಅವಧಿಯಲ್ಲಿ ದೈಹಿಕ ಅಸಾಮರ್ಥ್ಯ ಶೇ 9ರಷ್ಟು ಹೆಚ್ಚಿತ್ತು. ಈ ಮೂರನೆಯ ಅಂಕಿಯನ್ನು ಬಿಟ್ಟು ಮೊದಲ ಎರಡನ್ನೇ ಹೇಳುವವರು ಈ ಪದ್ಧತಿಗೆ ಅನ್ಯಾಯ ಮಾಡುತ್ತಾರೆ. ರೋಗ ತನ್ನ ಪಾಡಿಗೆ ಮುಂದುವರಿದಿತ್ತು, ನೋವು ಮಾತ್ರ ಇಳಿದಿತ್ತು. ಹೆಚ್ಚು ವ್ಯಾಯಾಮ ಮಾಡಿದವರಿಗೇ ಹೆಚ್ಚು ಗುಣ ಕಂಡಿರಬೇಕು ಎಂದು ಮೊದಲು ಎಣಿಸಿದ್ದರು, ಲೆಕ್ಕ ಹಾಗೆ ಕೂಡಿಬರಲಿಲ್ಲ. ನನ್ನ ನೋವಿನ ವಿಷಯದಲ್ಲಿ ನಾನೇ ಏನಾದರೂ ಮಾಡಬಲ್ಲೆ ಎಂಬ ಧೈರ್ಯ ಬಂದವರಿಗೆ ಗುಣ ಕಂಡಿತ್ತು. ಸ್ಟ್ಯಾನ್‌ಫರ್ಡ್‌ನವರೇ ಆದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಇಂಥ ಧೈರ್ಯವನ್ನೇ ಅಧ್ಯಯನ ಮಾಡಿದವರು. ಹಾಗೆಂದು ಮಂಡಿನೋವು ಬರೀ ಮನಸ್ಸಿನದು ಎಂದರೆ ತಪ್ಪು. ಎಕ್ಸ್‌-ರೇಯಲ್ಲಿ ಸವೆತ ಕಂಡವರೆಲ್ಲರಿಗೂ ನೋವಿರುವುದಿಲ್ಲ, ನೋವಿದ್ದವರೆಲ್ಲರಿಗೂ ಅಷ್ಟೇ ಸವೆತ ಇರುವುದಿಲ್ಲ. ಭಯ, ನಿದ್ದೆಗೇಡು, ಒಂಟಿತನ ಎಲ್ಲವೂ ಸೇರಿ ನೋವನ್ನು ಹಿಗ್ಗಿಸುತ್ತವೆ, ಪಾಠ ಕೈ ಹಾಕುವುದು ಅಲ್ಲಿಗೆ.

ಬ್ರಿಟನ್ನಿನಲ್ಲಿ 800ಕ್ಕೂ ಹೆಚ್ಚು ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆ ಇನ್ನಷ್ಟು ಕಠಿಣ ತೀರ್ಪು ಕೊಟ್ಟಿತು. ಆತಂಕ ಕಡಿಮೆಯಾಯಿತು, ಧೈರ್ಯ ಹೆಚ್ಚಿತು, ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮಾತು, ಧೈರ್ಯ ಇಷ್ಟೇ ಸಾಲದು, ಕಾಲೂ ದುಡಿಯಬೇಕು. ಮೂಳೆಯ ತುದಿಯ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಭಾರ ಬಿದ್ದಾಗ ಹಿಂಡಿದ ಸ್ಪಂಜಿನಂತೆ ದ್ರವ ಬಿಟ್ಟು, ಭಾರ ಇಳಿದಾಗ ಮತ್ತೆ ಹೀರಿಕೊಂಡೇ ಅದು ಪೋಷಣೆ ಪಡೆಯುವುದು. ಸವೆದುಹೋದೀತೆಂದು ಹೆದರಿ ಕೂತವರ ತೊಡೆಯ ಸ್ನಾಯು ಸೊರಗುತ್ತದೆ, ಮಂಡಿಗಿದ್ದ ಆಸರೆ ತಪ್ಪುತ್ತದೆ. ಮೈತೂಕದ ವಿಷಯವೂ ಹಾಗೇ. ದಪ್ಪ ಮೈಯವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರ ಒಂದು ಅಧ್ಯಯನ ಅಳೆದು ತೋರಿಸಿತು.

ಡೆನ್ಮಾರ್ಕ್‌ನಲ್ಲಿ 2013ರಲ್ಲಿ ಶುರುವಾದ ‘ಗ್ಲಾಡ್’ ಕಾರ್ಯಕ್ರಮ ಇದನ್ನೇ ಹಿಡಿಯಿತು: ಪಾಠ ಎರಡೇ ದಿನ, ಫಿಸಿಯೋಥೆರಪಿಸ್ಟರ ಎದುರು ವ್ಯಾಯಾಮ 12 ದಿನ. ಅದೂ ಪ್ರಶ್ನಾತೀತವಲ್ಲ. 2022ರಲ್ಲಿ ಅಲ್ಲಿನವರೇ ಅದನ್ನು ಮಂಡಿಗೆ ಕೊಡುವ ಬರೀ ಉಪ್ಪುನೀರಿನ ಇಂಜೆಕ್ಷನ್‌ಗೆ ಹೋಲಿಸಿದಾಗ ನೋವಿನಲ್ಲಿ ಅಂಥ ಅಂತರ ಕಾಣಲಿಲ್ಲ. ನಾನು ಆದರೂ ವ್ಯಾಯಾಮದ ಪಕ್ಷವೇ. ಉಪ್ಪುನೀರಿನಿಂದ ತೊಡೆಗೆ ಬಲ ಬಾರದು, ಸಕ್ಕರೆ ಕಾಯಿಲೆ ಹತೋಟಿಗೆ ಬಾರದು, ಮುಪ್ಪಿನಲ್ಲಿ ಬೀಳುವುದು ತಪ್ಪದು. ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಬರಬಹುದು, ವ್ಯಾಯಾಮದಲ್ಲಿ ಆ ಭಯವಿಲ್ಲ. ಬೆಂಗಳೂರಿನಲ್ಲಿ 250 ಮಂದಿಯ ಮೇಲೆ ನಡೆದ ಯೋಗದ ಅಧ್ಯಯನ 2012ರಲ್ಲಿ ಪ್ರಕಟವಾಗಿ, ಸಾಮಾನ್ಯ ವ್ಯಾಯಾಮಕ್ಕಿಂತ ಯೋಗ ಮೇಲು ಎಂದಿತು. ಸಂತೋಷವೇ, ಆದರೆ ಅಲ್ಲಿ ನೋಡಿದ್ದು ಮೂರು ತಿಂಗಳು. ಜೀವನಪರ್ಯಂತದ ನೋವಿಗೆ ಮೂರು ತಿಂಗಳ ಸಾಕ್ಷಿ ಕಡಿಮೆಯಾಯಿತು.

ಇಷ್ಟೆಲ್ಲ ಸವೆತದ ಮಂಡಿನೋವಿನ ಮಾತು. ರುಮಟಾಯ್ಡ್ ಕೀಲುವಾತಕ್ಕೆ ಇದನ್ನು ಹಾಗೇ ಒಯ್ಯಬಾರದು. ಎರಡೂ ಕೈಗಳ ಬೆರಳ ಗೆಣ್ಣು ಊದಿ, ಬೆಳಗ್ಗೆ ಎದ್ದಾಗ ಗಂಟೆಗಟ್ಟಲೆ ಮುಷ್ಟಿ ಮಡಚಲಾಗದಿದ್ದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲನ್ನು ತಿನ್ನುತ್ತಿರಬಹುದು. ಅಲ್ಲಿ ಮೆಥೋಟ್ರೆಕ್ಸೇಟ್‌ನಂಥ ಔಷಧಿಯನ್ನು ಮುಂದೂಡಿದ ತಿಂಗಳುಗಳಲ್ಲಿ ಆದ ಹಾನಿ ತಿರುಗಿ ಸರಿಹೋಗುವುದಿಲ್ಲ. ಔಷಧಿಯನ್ನು ಸರಿಯಾಗಿ ತೆಗೆದುಕೊಳ್ಳುವುದೂ ಲೊರಿಗ್ ಅವರ ಪಾಠದ ಒಂದು ಭಾಗ. ‘ಮಾತ್ರೆ ಬಿಡಿ, ಎಲ್ಲ ಸರಿಹೋಗುತ್ತದೆ’ ಎಂದು ಭರವಸೆ ಮಾರುವವರಿಗೂ ಅವರಿಗೂ ಇರುವ ದೊಡ್ಡ ವ್ಯತ್ಯಾಸ ಇದು.

ನನ್ನ ಮುಖ್ಯ ತಕರಾರು ಬೇರೆ ಕಡೆಯದು. ಸ್ವಂತ ನಿರ್ವಹಣೆ ಎಂಬ ಈ ಕಲ್ಪನೆ, ತನ್ನ ದಿನ ತನ್ನ ಕೈಯಲ್ಲಿರುವ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡಿದೆ. ದಿನವಿಡೀ ಕುಕ್ಕರಗಾಲಲ್ಲಿ ಕಳೆ ಕೀಳುವ ಕೂಲಿ ಹೆಂಗಸಿಗೆ ‘ಮಂಡಿಗೆ ಬಿಡುವು ಕೊಡಮ್ಮ’ ಎಂದರೆ ಅವಳ ಕೂಲಿಯನ್ನು ಯಾರು ಕೊಡಬೇಕು? ಭಾಗವಹಿಸಿದವರ ಧೈರ್ಯವನ್ನು ಅಳೆದ ಅಧ್ಯಯನಗಳು ಅವರ ದುಡಿಮೆಯ ಭಂಗಿಯನ್ನೂ ಅಳೆಯಬೇಕಿತ್ತು. ಹಾಗಿದ್ದೂ ಈ ಪದ್ಧತಿಯ ಬೇರು ನಮ್ಮ ಮಣ್ಣಿಗೆ ಹಿಡಿಯದ್ದೇನಲ್ಲ. ನಮ್ಮ ಊರೂರಲ್ಲಿ ಸ್ತ್ರೀಶಕ್ತಿ ಗುಂಪುಗಳ ಹೆಂಗಸರು ಉಳಿತಾಯದ ಲೆಕ್ಕಕ್ಕೆ ವಾರವಾರ ಸೇರುತ್ತಾರೆ. ಅವರಲ್ಲೇ ಮಂಡಿನೋವಿರುವ ಒಬ್ಬರಿಗೆ ತರಬೇತಿ ಕೊಟ್ಟರೆ ಆರು ವಾರ ಅರ್ಧ ಗಂಟೆ ಹೆಚ್ಚು ಕೂರುವುದು ದೊಡ್ಡದಲ್ಲ. ಕುರ್ಚಿಯಲ್ಲಿ ಕೂತು ಕಾಲು ನೀಡಿ ಎತ್ತಿ ಹಿಡಿಯುವ ವ್ಯಾಯಾಮಕ್ಕೆ ಯಂತ್ರ ಬೇಡ. ಕಳೆ ಕೀಳಲು ನಿಂತು ದೂಡುವ ಸಲಕರಣೆಗೆ ಸಾಲ ಕೊಡಬೇಕೆ ಎಂಬ ಮಾತೂ ಅದೇ ಸಭೆಯಲ್ಲಿ ಬರಬಹುದು, ಏಕೆಂದರೆ ಅಲ್ಲಿ ಹಣವೂ ಇದೆ, ನೋವೂ ಇದೆ.