ಮಳೆಗಾಲದ ಮುನಿಸಂಘವೂ ಪಾರ್ಶ್ವಾಭ್ಯುದಯವೂ

ಮಾಳಖೇಡವೆಂದೊಡನೆ ಕನ್ನಡಿಗರಿಗೆ ನೃಪತುಂಗನೂ ಕವಿರಾಜಮಾರ್ಗವೂ ನೆನಪಾಗುವುದು ಸಹಜ. ಆದರೆ ಅದೇ ಅರಸನು ಗುರುವೆಂದು ಅಡಿಗೆರಗಿದ ಜಿನಸೇನಾಚಾರ್ಯರ ‘ಪಾರ್ಶ್ವಾಭ್ಯುದಯ’ವನ್ನು ನೆನೆಯುವವರು ವಿರಳ, ನೆನೆದವರೂ ಅದನ್ನು ಪಂಡಿತರ ಕಸರತ್ತೆಂದು ಬದಿಗೆ ಸರಿಸುವುದೇ ವಾಡಿಕೆ. ಕಾಳಿದಾಸನ ಮೇಘದೂತದ ಪ್ರತಿಯೊಂದು ಪಾದವನ್ನೂ ಎತ್ತಿಕೊಂಡು, ಒಂದೊಂದು ಪದ್ಯದಲ್ಲಿ ಒಂದನ್ನೋ ಎರಡನ್ನೋ ಹುದುಗಿಸಿ, ಉಳಿದ ಪಾದಗಳನ್ನು ತಾವು ತುಂಬಿ, 4 ಸರ್ಗಗಳ 364 ಪದ್ಯಗಳಲ್ಲಿ ಪಾರ್ಶ್ವನಾಥ ತೀರ್ಥಂಕರನ ತಪಸ್ಸಿನ ಕಥೆಯನ್ನು ಹೇಳಿದ ಸಂಸ್ಕೃತ ಕಾವ್ಯವಿದು. ಇಷ್ಟನ್ನೇ ಕೇಳಿದವರಿಗೆ ಇದು ಸಮಸ್ಯಾಪೂರಣದ ಆಟವೆನಿಸಿದರೆ ಆಶ್ಚರ್ಯವಿಲ್ಲ. ಶೃಂಗಾರದ ಸೊತ್ತನ್ನು ವಿರಕ್ತನೊಬ್ಬನು ಕಸಿದು ವೈರಾಗ್ಯದ ಉಗ್ರಾಣಕ್ಕೆ ಸಾಗಿಸಿದನೆಂಬ ಆಕ್ಷೇಪವೂ ಏಳಬಹುದು. ಈ ಎರಡು ಅಭಿಪ್ರಾಯಗಳೂ ಕಾವ್ಯವು ಹುಟ್ಟಿದ ನೆಲೆಯನ್ನು ಮರೆತು ಆಡಿದವು. ಗಂಡಸರು ಮನೆಮಾರುಗಳನ್ನು ತೊರೆದು ಒಂದೆಡೆ ಕೂಡಿ ಬಾಳಿದ, ಕಾಮವನ್ನು ಬಿಡುವೆವೆಂದು ವ್ರತ ತೊಟ್ಟೂ ಕಾಮದ ವಿಚಾರವನ್ನು ಬಾಯಿಬಿಟ್ಟು ಆಡುವುದನ್ನು ಬಿಡದ ಒಂದು ಸಂಘದಲ್ಲಿ ಅದು ಹುಟ್ಟಿತು. ಆ ಸಂಘವನ್ನರಿಯದೆ ಕಾವ್ಯದ ಬೆಲೆ ಕಟ್ಟುವುದು ಸರಿಯಾಗಲಾರದು.

ಚಿಂಚೋಳಿಯ ಮುಲ್ಲಾಮಾರಿಯ ನೀರನ್ನು ಕೂಡಿಸಿಕೊಂಡು, ಸೇಡಂ ಚಿತ್ತಾಪುರಗಳ ಸೀಮೆಯಲ್ಲಿ ಹರಿದು, ಶಹಾಬಾದದ ಕಡೆಗೆ ಭೀಮೆಯನ್ನು ಸೇರುವ ಕಾಗಿಣೆಯ ದಂಡೆಯ ಮೇಲೆ ಮಾಳಖೇಡವಿದೆ. ವಾಡಿಯಲ್ಲಿ ಗಾಡಿ ಬದಲಿಸಿ ಬಂದು ಕೋಟೆಯನ್ನೂ ನೇಮಿನಾಥ ಬಸದಿಯ ಹಳೆಯ ಕಂಬಗಳನ್ನೂ ನೋಡಿಹೋಗುವವರು ಬೇಸಗೆಯಲ್ಲಿ ಬರುವುದೇ ಹೆಚ್ಚು. ಮಳೆ ಹಿಡಿದರೆ ಈ ಎರೆಯ ನೆಲದಲ್ಲಿ ಹೆಜ್ಜೆಗೆ ಸೇರು ಮಣ್ಣು ಮೆತ್ತುವುದು. ಜೈನಮುನಿಗಳಿಗಾದರೋ ಆ ಕಾಲದಲ್ಲಿ ನಡೆಯುವುದೇ ನಿಷಿದ್ಧ. ಹುಲ್ಲಿನ ಮೊಳಕೆಯನ್ನೂ ಹುಳುಹುಪ್ಪಡಿಯನ್ನೂ ತುಳಿಯಬಾರದೆಂದು ಆಷಾಢದ ಹುಣ್ಣಿಮೆಯ ಹೊತ್ತಿಗೆ, ಎಂದರೆ ಈ ಸೀಮೆಯವರ ಕಡ್ಲಿಗಡಬಿನ ಹುಣ್ಣಿಮೆಯ ಹೊತ್ತಿಗೆ, ಅವರು ಒಂದೂರಿನಲ್ಲಿ ನೆಲೆನಿಂತು ಕಾರ್ತಿಕದವರೆಗೆ ಕದಲರು. ಉಳಿದ ಎಂಟು ತಿಂಗಳು ಊರಿಂದೂರಿಗೆ ಹರಿದಾಡುವ ಗಂಡಸರು ಈ ನಾಲ್ಕು ತಿಂಗಳು ಒಂದೇ ಸೂರಿನಡಿಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡಿರಬೇಕಾಗುವುದು. ಮೇಘದೂತದ ಯಕ್ಷನಿಗೆ ಶಾಪದಲ್ಲಿ ಉಳಿದಿರುವುದೂ ಇದೇ ನಾಲ್ಕು ತಿಂಗಳು. ಶ್ರೀಹರಿಯು ಶೇಷಶಯನದಿಂದೇಳುವ ಕಾರ್ತಿಕದಲ್ಲಿ ಅದು ಮುಗಿಯುವುದೆಂದು ಕಾಳಿದಾಸನೇ ಹೇಳಿದ್ದಾನೆ. ವಿರಹಿಯನ್ನು ಒಂಟಿಯಾಗಿಸುವ ಅದೇ ಮೋಡವು ಮುನಿಗಳನ್ನು ಒಂದುಗೂಡಿಸುವುದು. ಮಾಳಖೇಡದ ಮುನಿಯ ಕಿವಿಗೆ ಮೇಘದೂತವು ಹೇಗೆ ಕೇಳಿಸಿರಬಹುದೆಂಬುದನ್ನು ಊಹಿಸಲು ಇಷ್ಟು ಸಾಕು.

ಇಂತಹ ಕೂಡಿಬಾಳುವಿಕೆಯು ಜೈನರೊಬ್ಬರದೇ ಅಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ, 1994ರಿಂದೀಚೆಗೆ ನಡೆದ ಉತ್ಖನನದಲ್ಲಿ ಬೌದ್ಧರ ಮಹಾಸ್ತೂಪವೂ ‘ರಾಯೋ ಅಸೋಕೋ’ ಎಂಬ ಬರಹವುಳ್ಳ ಅಶೋಕನ ಶಿಲ್ಪವೂ ಬೆಳಕಿಗೆ ಬಂದುವು. ಬೌದ್ಧ ಭಿಕ್ಷುಗಳಿಗೂ ವರ್ಷಾವಾಸವುಂಟು. ಅದರ ಕೊನೆಯ ದಿನ ಪ್ರತಿಯೊಬ್ಬ ಭಿಕ್ಷುವೂ ಸಂಘದ ಮುಂದೆ ಕುಳಿತು, ತನ್ನಲ್ಲಿ ಕಂಡ, ಕೇಳಿದ, ಇಲ್ಲವೆ ಶಂಕಿಸಿದ ತಪ್ಪನ್ನು ಹೇಳಿರೆಂದು ತಾನೇ ಬೇಡಿಕೊಳ್ಳಬೇಕು. ಶಂಕೆಯನ್ನೂ ಕೇಳಿ ತಿಳಿಯಬೇಕೆಂಬ ಈ ನಿಯಮದಲ್ಲಿ ಎಷ್ಟು ಧೈರ್ಯವಿದೆಯೆಂಬುದನ್ನು ಒಂದೇ ಮನೆಯಲ್ಲಿ ಬಾಳುವ ಅಣ್ಣತಮ್ಮಂದಿರು ಬಲ್ಲರು. ಅವರ ವಿನಯಪಿಟಕದ ಮೊದಲನೆಯ ಪಾರಾಜಿಕವೇ ಮೈಥುನವನ್ನು ಕುರಿತದ್ದು. ವಂಶಕ್ಕೊಂದು ಕುಡಿ ಬೇಕೆಂದು ತಾಯಿ ಬೇಡಲು ಸುದಿನ್ನನು ತನ್ನ ಹಿಂದಿನ ಹೆಂಡತಿಯನ್ನು ಕೂಡಿದ ಕಥೆಯನ್ನು ಅಲ್ಲಿ ಮರೆಮಾಚದೆ ಹೇಳಿದೆ. ಹೆಣ್ಣಿನೊಡನೆ ಮಾತ್ರವಲ್ಲದೆ ಗಂಡಸರೊಳಗೇ ನಡೆಯಬಹುದಾದ ಸಂಗವನ್ನೂ ಹೆಸರಿಟ್ಟು ವಿಚಾರಿಸಿದೆ. ಮುಚ್ಚಿಡುವುದೇ ಮರ್ಯಾದೆಯೆಂಬ ಭಾವನೆಯು ಆ ಸಂಘಗಳಲ್ಲಿ ಇರಲಿಲ್ಲ. ಗೃಹಸ್ಥರ ಮನೆಗಳಲ್ಲಿ ಅದು ಬೇರೂರಿದ್ದು ಯಾವಾಗಲೋ, ಅದು ಬೇರೆ ವಿಷಯ.

ದಿಗಂಬರರ ಆಲೋಚನಾವಿಧಿಯು ಇದಕ್ಕಿಂತಲೂ ಸೂಕ್ಷ್ಮವಾದುದು. ಮುನಿಯು ತನ್ನ ದೋಷವನ್ನು ಗುರುವಿನಲ್ಲಿ ಹೇಳಿಕೊಳ್ಳಬೇಕು. ಹೇಳಿಕೊಳ್ಳುವುದರಲ್ಲೇ 10 ದೋಷಗಳಾಗಬಹುದೆಂದು ಭಗವತೀ ಆರಾಧನೆಯೂ ಮೂಲಾಚಾರವೂ ಎಣಿಸಿವೆ. ಗುರುವಿನ ಮನಸ್ಸನ್ನು ಮೊದಲು ಕರಗಿಸಿ ಆಮೇಲೆ ಹೇಳುವುದು ಒಂದು. ಇತರರ ಕಣ್ಣಿಗೆ ಬಿದ್ದುದನ್ನು ಮಾತ್ರ ಹೇಳುವುದು ಒಂದು. ದೊಡ್ಡದನ್ನು ನುಂಗಿ ಚಿಕ್ಕದನ್ನು ಹೇಳುವುದು ಒಂದು. ಗದ್ದಲದಲ್ಲಿ ಕೇಳಿಯೂ ಕೇಳದಂತೆ ಉಸುರುವುದು ಒಂದು. ಅದೇ ತಪ್ಪನ್ನು ಮಾಡುವ ಗುರುವನ್ನು ಹುಡುಕಿ ಅವನಲ್ಲಿ ಹೇಳುವುದು ಮತ್ತೊಂದು. ಕೊನೆಯದನ್ನು ಓದಿದಾಗ ನಗೆ ಬಾರದಿರದು. ಇವನ್ನು ಬರೆದವರು ಗಂಡಸರ ಅಂತರಂಗವನ್ನು ಪುಸ್ತಕದಿಂದ ಕಲಿತವರಲ್ಲ. ವಿಶ್ವಾಸವೆಂಬುದು ಮನಸ್ಸು ಬಂದಾಗ ಉಕ್ಕುವ ಭಾವವಲ್ಲ, ಶ್ರಮದಿಂದ ಸಾಧಿಸಬೇಕಾದ ಒಂದು ವಿದ್ಯೆ ಎಂಬುದು ಅವರ ಮತ.

ಜಿನಸೇನಾಚಾರ್ಯರು ಬೆಳೆದದ್ದು ಇಂತಹ ಕೂಟದಲ್ಲಿ. ಕಿವಿ ಚುಚ್ಚುವ ವಯಸ್ಸಿಗೂ ಮೊದಲೇ ವೀರಸೇನಾಚಾರ್ಯರ ಬಳಿಗೆ ಬಂದವರು ಅವರು. ಜಯಧವಳೆಯ ಪ್ರಶಸ್ತಿಯಲ್ಲಿ ಅವರ ವಿಷಯವಾಗಿ ಹೇಳಿರುವುದು ಸ್ವಾರಸ್ಯವಾಗಿದೆ: ರೂಪದಲ್ಲಿ ಬಹಳ ಚೆಲುವರಲ್ಲ, ಬಹಳ ಚತುರರೂ ಅಲ್ಲ, ಆದರೂ ಸರಸ್ವತಿಯು ಬೇರೆ ದಿಕ್ಕಿಲ್ಲದವಳಂತೆ ಅವರನ್ನು ಸೇವಿಸಿದಳಂತೆ, ಬಾಲ್ಯದಿಂದ ಬ್ರಹ್ಮಚರ್ಯವು ಅಖಂಡವಾಗಿದ್ದರೂ ಅವಳು ಸ್ವಯಂವರದಿಂದ ಅವರ ಕೈಹಿಡಿದಳಂತೆ. ವೀರಸೇನರು ಅರ್ಧಕ್ಕೆ ಬಿಟ್ಟುಹೋದ ಜಯಧವಳಾ ಟೀಕೆಯನ್ನು ಶಿಷ್ಯರು ಕ್ರಿ. ಶ. 837ರಲ್ಲಿ ಮುಗಿಸಿದರು, ಜಿನಸೇನರು ಬಿಟ್ಟುಹೋದ ಮಹಾಪುರಾಣವನ್ನು ಅವರ ಶಿಷ್ಯ ಗುಣಭದ್ರರು ಮುಂದುವರಿಸಿದರು. ಒಬ್ಬನ ವಾಕ್ಯವನ್ನು ಮತ್ತೊಬ್ಬನು ಪೂರೈಸುವುದು ಆ ಸಂಘದಲ್ಲಿ ಕುಲಧರ್ಮದಂತಿತ್ತು.

ಆ ಜಯಧವಳೆಯು ವಿಚಾರಿಸುವುದಾದರೂ ಏನನ್ನು? ಕಷಾಯಗಳನ್ನು, ಮೋಹನೀಯ ಕರ್ಮವನ್ನು. ಅದರಲ್ಲಿ ಸ್ತ್ರೀವೇದ, ಪುರುಷವೇದ, ನಪುಂಸಕವೇದವೆಂಬ ಮೂರು ಬಗೆಯ ಕಾಮವೃತ್ತಿಗಳ ವಿಚಾರ ಬರುತ್ತದೆ. ದೇಹದ ಲಿಂಗವೇ ಬೇರೆ, ಒಳಗಣ ಬಯಕೆಯ ವೇದವೇ ಬೇರೆ, ಒಂದಕ್ಕೊಂದು ಹೊಂದದೆಯೂ ಇರಬಹುದೆಂಬುದು ಜೈನ ಸಿದ್ಧಾಂತ. ಪುರುಷವೇದವು ಹುಲ್ಲಿನ ಬೆಂಕಿ, ಸ್ತ್ರೀವೇದವು ಕುಳ್ಳಿನ ಬೆಂಕಿ, ಮೂರನೆಯದು ಇಟ್ಟಿಗೆಯ ಆವಿಗೆಯ ಬೆಂಕಿಯೆಂದು ಮುಂದೆ ಗೊಮ್ಮಟಸಾರವು ಉಪಮಿಸಿತು. ಹೀಗೆ ವರ್ಷಾನುಗಟ್ಟಲೆ ಕಾಮದ ಗಣಿತವನ್ನು ಮಾಡಿದ ಕೈಯೇ ಮೇಘದೂತವನ್ನು ಎತ್ತಿಕೊಂಡಿತು.

ಎತ್ತಿಕೊಂಡದ್ದು ಯಾರ ಪ್ರೇರಣೆಯಿಂದ? ಕಾಳಿದಾಸನೇ ಅಮೋಘವರ್ಷನ ಆಸ್ಥಾನಕ್ಕೆ ಬಂದು ಗರ್ವದಿಂದ ಮೇಘದೂತವನ್ನೋದಿದನೆಂದೂ, ಅವನ ಗರ್ವಭಂಗಕ್ಕಾಗಿ ಇದು ರಚಿತವಾಯಿತೆಂದೂ ವ್ಯಾಖ್ಯಾನಕಾರ ಯೋಗಿರಾಟ್ ಪಂಡಿತಾಚಾರ್ಯನು ಒಂದು ಕಥೆ ಹೇಳಿದ್ದಾನೆ. ಕ್ರಿ. ಶ. 634ರ ಐಹೊಳೆಯ ಶಾಸನವೇ ಕಾಳಿದಾಸನನ್ನು ಪ್ರಖ್ಯಾತ ಪೂರ್ವಕವಿಯೆಂದು ಹೆಸರಿಸಿರುವಾಗ ಈ ಕಥೆ ನಿಲ್ಲದು. ಕಾವ್ಯದ ಕೊನೆಯಲ್ಲಿ ಕವಿಯೇ ಹೇಳಿರುವುದು ಬೇರೆ: ವೀರಸೇನರ ಮತ್ತೊಬ್ಬ ಶಿಷ್ಯನಾದ ವಿನಯಸೇನನು ಹುರಿದುಂಬಿಸಲು ಬರೆದೆನೆಂಬುದು. ಗುರುಭಾಯಿಯೊಬ್ಬನ ಒತ್ತಾಯ! ಶೃಂಗಾರಕಾವ್ಯಗಳಲ್ಲಿ ಮೇಲೆನಿಸಿದುದನ್ನು ಇಬ್ಬರು ಬ್ರಹ್ಮಚಾರಿಗಳು ಕೂಡಿ ಓದಿದರು, ಅದರ ಮಾತನ್ನಾಡಿದರು, ಒಬ್ಬನು ಮತ್ತೊಬ್ಬನಿಗೆ ನೀನೇ ಇದನ್ನು ಬಲ್ಲೆಯೆಂದನು. ಗರ್ವಭಂಗದ ಕಥೆಗಿಂತ ಇದು ಕಾವ್ಯಕ್ಕೆ ಒಪ್ಪುವ ಹುಟ್ಟು.

ಕಥೆಯೂ ಇಬ್ಬರು ಒಡಹುಟ್ಟಿದವರದೇ. ಅಣ್ಣ ಕಮಠ, ತಮ್ಮ ಮರುಭೂತಿ. ತಮ್ಮನು ಅರಸನೊಡನೆ ದಂಡಿಗೆ ಹೋಗಿದ್ದಾಗ ಅಣ್ಣನು ತಮ್ಮನ ಹೆಂಡತಿ ವಸುಂಧರೆಯನ್ನು ಕೆಡಿಸಿದನು. ಅರಸನು ಅವನನ್ನು ಹೊರದೂಡಿದನು. ಆದರೂ ತಮ್ಮನು ಅಣ್ಣನನ್ನು ಹುಡುಕಿಕೊಂಡು ಹೋಗಿ ಕಾಲಿಗೆರಗಿದನು. ತಾಪಸವೇಷದಲ್ಲಿದ್ದ ಅಣ್ಣನು ಎರಗಿದ ತಲೆಯ ಮೇಲೆ ಬಂಡೆಯನ್ನು ಹಾಕಿ ಕೊಂದನು. ಜನ್ಮಜನ್ಮಾಂತರಗಳು ಕಳೆದು ತಮ್ಮನು ಪಾರ್ಶ್ವನಾಗಿ ಧ್ಯಾನದಲ್ಲಿ ನಿಂತಿದ್ದಾನೆ. ಅಣ್ಣನು ಶಂಬರನೆಂಬ ಯಕ್ಷನಾಗಿ ಬಂದು ಮಳೆಗರೆದು, ಹೆದರಿಸಿ, ಹಂಗಿಸಿ, ಯುದ್ಧಕ್ಕೆ ಕರೆದು, ತನ್ನ ಕೈಯಲ್ಲಿ ಸತ್ತು ಮೋಡವಾಗಿ ಅಲಕೆಗೆ ಹೋಗು, ಅಲ್ಲಿ ವಸುಂಧರೆ ಕಾದಿದ್ದಾಳೆ ಎಂದು ಆಸೆ ತೋರಿಸುತ್ತಾನೆ. ಮೇಘದೂತದ ಪಾದಗಳು ಈ ಶಂಬರನ ಬಾಯಲ್ಲಿ ಕೂತಿವೆ.

ಜಿನಸೇನರ ಪ್ರತಿಭೆಯು ಇಲ್ಲಿ ಗೋಚರವಾಗುವುದು. ಕಾಳಿದಾಸನ ಯಕ್ಷನು ಮಾತನಾಡುವುದು ಹೊಗೆ ನೀರು ಗಾಳಿಗಳ ಮುದ್ದೆಯೊಡನೆ. ಅದಕ್ಕೆ ಕಿವಿಯಿಲ್ಲವೆಂದು ಕವಿಯೇ ಮೊದಲಲ್ಲಿ ಒಪ್ಪಿಕೊಂಡಿದ್ದಾನೆ. ಜಿನಸೇನರ ಯಕ್ಷನು ಮಾತನಾಡುವುದು ಕಿವಿಯುಳ್ಳ, ಎಲ್ಲವನ್ನೂ ಕೇಳುತ್ತಿರುವ, ಉತ್ತರ ಕೊಡದ ಒಬ್ಬ ಪುರುಷನೊಡನೆ. ಕೇಳದವನ ಮೌನಕ್ಕೂ ಕೇಳುತ್ತಿರುವವನ ಮೌನಕ್ಕೂ ಇರುವ ಅಂತರದಲ್ಲಿ ಅವವೇ ಪಾದಗಳು ಬೇರೆಯೇ ಧ್ವನಿ ಕೊಡುತ್ತವೆ. ಕಾಮವನ್ನು ತಮ್ಮನಿಗೆ ಹಚ್ಚಬೇಕೆಂದು ಶಂಬರನು ಅಲಕೆಯ ಹೆಣ್ಣನ್ನು ವರ್ಣಿಸುತ್ತ ಹೋದಂತೆಲ್ಲ, ಬಯಕೆಯು ಯಾರದೆಂಬುದು ಬಯಲಾಗುತ್ತ ಬರುತ್ತದೆ. ಆಲೋಚನೆಯ ಹತ್ತು ದೋಷಗಳನ್ನು ಬಲ್ಲವರಿಗೆ ಇದು ಹೊಳೆಯದಿರದು: ತನ್ನದನ್ನು ಇನ್ನೊಬ್ಬನದೆಂಬಂತೆ, ಸಿಡಿಲುಮಳೆಯ ಗದ್ದಲದಲ್ಲಿ, ಅವನು ದೋಷವನ್ನೊಪ್ಪಿಕೊಳ್ಳುತ್ತಿದ್ದಾನೆ. ಕಡೆಗೆ ಧರಣೇಂದ್ರ ಪದ್ಮಾವತಿಯರು ಬಂದು ಪಾರ್ಶ್ವನನ್ನು ಕಾಯುವುದು, ಅವನಿಗೆ ಕೇವಲಜ್ಞಾನವಾಗುವುದು ಪುರಾಣದ ರೂಢಿಯಂತೆ ನಡೆಯುತ್ತದೆ; ಶಂಬರನು ಪಶ್ಚಾತ್ತಾಪದಿಂದ ಬಾಗುವುದು ಮಾತ್ರ ರೂಢಿಯ ಮಾತಲ್ಲ. ಒಂದು ಕಾಲಕ್ಕೆ ಬಂಡೆ ಬಿದ್ದುದು ಬಾಗಿದ ತಲೆಯ ಮೇಲೆ. ಈಗ ಬಾಗಿದ್ದು ಬಂಡೆ ಹಾಕಿದವನ ತಲೆ.

ಕಾವ್ಯದ ಕುಂದುಗಳನ್ನು ಹೇಳದೆ ಬಿಡುವುದು ಸಲ್ಲದು. ಪೂರ್ವಮೇಘದ ದಾರಿಯ ವರ್ಣನೆಯನ್ನು ಬಿಡುವಂತಿಲ್ಲವಾದುದರಿಂದ, ಕೊಲ್ಲಬಂದ ವೈರಿಯೇ ಯಾವ ನದಿಯಲ್ಲಿ ನೀರು ಕುಡಿ, ಯಾವ ಬೆಟ್ಟದಲ್ಲಿ ದಣಿವಾರಿಸಿಕೊ ಎಂದು ಬುದ್ಧಿ ಹೇಳುವ ಪ್ರಸಂಗ ಬಂದಿದೆ, ಇದು ನಗೆಪಾಟಲು. ಎಷ್ಟೋ ಕಡೆ ಅನ್ವಯ ಕ್ಲಿಷ್ಟ. ಎರವಲು ಪಾದ ಮಿಂಚಿದೊಡನೆ ಸ್ವಂತ ಪಾದ ಮಂಕಾಗುವುದು. ಕಾಶೀನಾಥ ಬಾಪೂ ಪಾಠಕರು ಇದರೊಳಗಿನ ಮೇಘದೂತವನ್ನು ಬೇರ್ಪಡಿಸಿ 1894ರಲ್ಲಿ ಪ್ರಕಟಿಸಿದಂದಿನಿಂದ ವಿದ್ವಾಂಸರು ಇದನ್ನು ಕಾಳಿದಾಸನ ಹಳೆಯ ಪಾಠ ಸಿಕ್ಕುವ ಗಣಿಯೆಂದು ಆದರಿಸಿದರಲ್ಲದೆ ಕಾವ್ಯವೆಂದು ಓದಲಿಲ್ಲ. ಪಾಠಕರ ಉಪಕಾರ ದೊಡ್ಡದು. ಆದರೆ ಗಣಿಯಿಂದ ಕಲ್ಲನ್ನು ತೆಗೆದ ಮೇಲೆ ಉಳಿಯುವುದು ಹೊಂಡವೆಂಬುದು ಶಹಾಬಾದದ ಪರಸಿಯ ಖಣಿಗಳನ್ನು ಕಂಡವರಿಗೆ ಹೊಸದಲ್ಲ.

ಇವೆಲ್ಲಕ್ಕಿಂತ ದೊಡ್ಡ ಕೊರತೆ ವಸುಂಧರೆಯದು. ಅಣ್ಣತಮ್ಮಂದಿರ ನಡುವೆ ಮುರಿದ ವಿಶ್ವಾಸವು ಜನ್ಮಾಂತರಗಳ ಬಳಿಕ ಕೂಡುವುದು. ಮುರಿದದ್ದು ಯಾರ ಬಾಳಿನ ಮೇಲೋ ಆ ಹೆಣ್ಣು ಮಾತ್ರ ಅಲಕೆಯ ಕಿಟಕಿಯಲ್ಲಿ ಕುಳಿತ ಚಿತ್ರವಾಗಿಯೇ ಉಳಿಯುವಳು. ಗಂಡಸರು ಗಂಡಸರ ಮುಂದೆ ಮನಸ್ಸು ಬಿಚ್ಚುವ ವಿಧಿಯನ್ನು ಅಷ್ಟು ನಯವಾಗಿ ಕಂಡುಕೊಂಡ ಸಂಘವು, ಹಾಗೆ ಬಿಚ್ಚಿದ ಮಾತಿನಲ್ಲಿ ಸಿಕ್ಕಿಬಿದ್ದ ಹೆಣ್ಣಿನಿಂದ ಕ್ಷಮೆ ಕೇಳಬೇಕೆಂಬುದನ್ನು ನೆನೆಯಲಿಲ್ಲ. ಮೇಘದೂತದ ಯಕ್ಷಿಯೂ ಎದುರಿಗೆ ಬಂದು ಮಾತನಾಡಳು ನಿಜ. ಆದರೆ ಅವಳಿಗೆ ಸಂದೇಶವನ್ನಾದರೂ ಕಳುಹಿದ್ದಾರೆ. ವಸುಂಧರೆಗೆ ಕಮಠನಿಂದಲೂ ಮರುಭೂತಿಯಿಂದಲೂ ಬಂದ ಸಂದೇಶವು ಪಾರ್ಶ್ವಾಭ್ಯುದಯದಲ್ಲಿಲ್ಲ.