ಹೆದ್ದಾರಿಯ ಝಡ್ತಿ, ಹಾಳೆಯ ಮೇಲಿನ ಒಪ್ಪಿಗೆ

ಹುಮನಾಬಾದ್ ಕಡೆಯಿಂದ ಕಮಲಾಪುರ ದಾಟಿ ಕಲಬುರಗಿಗೆ ಬರುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕಾರೊಂದನ್ನು ತಡೆದು, ಡಿಕ್ಕಿಯಲ್ಲಿ ಗಾಂಜಾ ಸಿಕ್ಕಿತೆಂದು ಪೊಲೀಸರು ಪ್ರಕರಣ ದಾಖಲಿಸಿದರೆ, ಆ ಪ್ರಕರಣ ನಿಲ್ಲುವುದು ಸಾಕ್ಷಿಗಳಾದ ಪಂಚರ ಎದುರು ಬರೆಯುವ ಪಂಚನಾಮೆಯ ಮೇಲೆ. ಗಾಂಜಾ 20 ಕೆ.ಜಿ. ಮೀರಿದರೆ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಅದು ವಾಣಿಜ್ಯ ಪ್ರಮಾಣ. ಶಿಕ್ಷೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲ, ಇಪ್ಪತ್ತರವರೆಗೂ ಹೋಗಬಹುದು. ಕಲಂ 37ರಿಂದಾಗಿ ಜಾಮೀನು ಸಿಗುವುದೂ ದುರ್ಲಭ. ಒಬ್ಬನ ಆಯುಸ್ಸಿನ ಇಷ್ಟು ದೊಡ್ಡ ಪಾಲನ್ನು ನಿರ್ಧರಿಸುವ ಈ ಬರಹವನ್ನು ಬರಹವೆಂದು ಓದಿ ಪರೀಕ್ಷಿಸಿದವರು ಕಡಿಮೆ. ‘ಖಚಿತ ಬಾತ್ಮಿ ಮೇರೆಗೆ’ ಹೊರಟು, ‘ಪಂಚರ ಸಮಕ್ಷಮ’ ವಾಹನ ನಿಲ್ಲಿಸಿ, ಆರೋಪಿಗೆ ಅವನ ಹಕ್ಕು ತಿಳಿಸಿ, ‘ನೀವೇ ಝಡ್ತಿ ಮಾಡಿ’ ಎಂದು ಅವನು ಒಪ್ಪಿದನೆಂದು ಬರೆದು ಮುಂದೆ ಸಾಗುವ ಈ ಪಂಚನಾಮೆಯ ಅಚ್ಚು ಠಾಣೆ ಬದಲಾದರೂ ಹೆಚ್ಚು ಬದಲಾಗುವುದಿಲ್ಲ. ಅದರಲ್ಲಿ ತೀರಾ ದುರ್ಬಲವಾದ ವಾಕ್ಯ ಒಪ್ಪಿಗೆಯದು. ಅಂಗಝಡ್ತಿಯಲ್ಲಿ ಆ ವಾಕ್ಯಕ್ಕೆ ಕಾನೂನು ಕೊಟ್ಟಿರುವ ತೂಕ ಹೆಚ್ಚಾಯಿತು. ವಾಹನದ ಝಡ್ತಿಯಲ್ಲಿ ಅದರ ಜಾಗಕ್ಕೆ ಬೇರೆ ಯಾವ ಗಟ್ಟಿ ರಕ್ಷಣೆಯನ್ನೂ ಕೊಡದೆ ಬಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು.

ಆ ಹಕ್ಕನ್ನು ಕೊಡುವ ಕಲಂ 50 ಹೇಳುವುದು ಇಷ್ಟು: ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರೇ ತನ್ನ ಝಡ್ತಿ ಆಗಲಿ ಎಂದು ವ್ಯಕ್ತಿ ಕೇಳಿದರೆ ಅವನನ್ನು ಅಲ್ಲಿಗೆ ಕರೆದೊಯ್ಯಬೇಕು. 1999ರ ಬಲದೇವ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಈ ಹಕ್ಕನ್ನು ಅವನಿಗೆ ತಿಳಿಸುವುದು ಅಧಿಕಾರಿಯ ಕರ್ತವ್ಯ ಎಂದಿತು. ತಿಳಿಸದೆ ಜೇಬಿನಿಂದ ತೆಗೆದ ಮಾಲಿನ ಮೇಲಷ್ಟೇ ನಿಂತ ಶಿಕ್ಷೆ ಉಳಿಯದು ಎಂದೂ ಹೇಳಿತು. 2010ರಲ್ಲಿ ವಿಜಯಸಿಂಹ ಜಡೇಜಾ ಪ್ರಕರಣ ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಆದರೆ ಈ ಬಿಗಿ ಮೈಮೇಲಿನ ಬಟ್ಟೆಯವರೆಗೆ ಮಾತ್ರ. ಕೈಚೀಲ ದೇಹವಲ್ಲ ಎಂದು 2005ರಲ್ಲೇ ತೀರ್ಮಾನವಾಗಿತ್ತು. 2019ರ ಬಲ್ಜಿಂದರ್ ಸಿಂಗ್ ತೀರ್ಪಿನಲ್ಲಿ, ಅಂಗಝಡ್ತಿಯಲ್ಲಿ ಕಲಂ 50ರ ಪಾಲನೆ ಆಗದಿದ್ದರೂ ವಾಹನದಲ್ಲಿ ಸಿಕ್ಕ ಚೀಲಗಳ ಸಾಕ್ಷ್ಯಕ್ಕೆ ಅದು ತಾಗದು ಎಂದು ಹೇಳಿ ನ್ಯಾಯಾಲಯ ಶಿಕ್ಷೆಯನ್ನು ಮತ್ತೆ ಊರ್ಜಿತಗೊಳಿಸಿತು. ಹಾಗಾಗಿ ಜೇಬಿನ ಪೊಟ್ಟಣಕ್ಕೆ ಇರುವ ರಕ್ಷಣೆ ಡಿಕ್ಕಿಯ ಮೂಟೆಗಿಲ್ಲ. ಮೂಟೆಗೇ ಹತ್ತು ವರ್ಷ.

ದೇಹದ ಘನತೆ ಬೇರೆ, ಚೀಲದ್ದು ಬೇರೆ; ಒಬ್ಬರ ಮೈ ಮುಟ್ಟುವುದನ್ನೂ ಡಿಕ್ಕಿ ತೆರೆಯುವುದನ್ನೂ ಸಮನಾಗಿ ಎಣಿಸಬಾರದು ಎನ್ನುವವರ ಮಾತು ನಿಜ. ಆದರೆ ಬಲದೇವ್ ಸಿಂಗ್ ತೀರ್ಪು ಕಲಂ 50ಕ್ಕೆ ಕೊಟ್ಟ ಕಾರಣ ಘನತೆಯೊಂದೇ ಅಲ್ಲ. ಮಾಲನ್ನು ಪೊಲೀಸರೇ ಇಟ್ಟರು ಎಂಬ ಆರೋಪಕ್ಕೆ ಎಡೆಯಿರಬಾರದು, ಝಡ್ತಿಯ ಮೇಲೆ ಜನರಿಗೆ ನಂಬಿಕೆ ಬರಬೇಕು ಎಂಬುದೂ ಅಲ್ಲಿದೆ. ಆ ಕಾರಣ ವಾಹನಕ್ಕೆ ಹೆಚ್ಚೇ ಅನ್ವಯಿಸುತ್ತದೆ. ಮೈಮೇಲಿನದು ತನ್ನದಲ್ಲ ಎನ್ನುವುದು ಕಷ್ಟ. ಲಾರಿಯಲ್ಲಾದರೆ ಮಾಲು ಯಾರದೋ, ಗಾಡಿ ಯಾರದೋ, ಸ್ಟೇರಿಂಗ್ ಹಿಡಿದವನು ಸಂಬಳದವನು, ಪಕ್ಕದಲ್ಲಿ ಕ್ಲೀನರ್. ಮಾಲು ವಶದಲ್ಲಿತ್ತೆಂದು ರುಜುವಾತಾದರೆ ಕಲಂ 35 ಮತ್ತು 54ರ ಪೂರ್ವಭಾವನೆಗಳು ಆರೋಪಿಯ ವಿರುದ್ಧವೇ ನಿಲ್ಲುತ್ತವೆ. ಅಲ್ಲಿ ಒಪ್ಪಿಗೆ ಕೊಡಬೇಕಾದವರು ಯಾರು ಎಂಬ ಪ್ರಶ್ನೆಗೂ ಪಂಚನಾಮೆಯಲ್ಲಿ ಉತ್ತರವಿರುವುದಿಲ್ಲ.

ವಾಹನಕ್ಕೆ ಕಾನೂನಿನಲ್ಲಿ ರಕ್ಷಣೆಯೇ ಇಲ್ಲವೆಂದಲ್ಲ. ಕಲಂ 42ರ ಪ್ರಕಾರ ಬಾತ್ಮಿಯನ್ನು ಬರಹಕ್ಕಿಳಿಸಿ 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು. ಸೂರ್ಯಾಸ್ತದ ನಂತರ ವಾರಂಟ್ ಇಲ್ಲದೆ ಝಡ್ತಿ ಮಾಡುವುದಾದರೆ ಅದಕ್ಕೆ ಕಾರಣ ಬರೆಯಬೇಕು. ರಸ್ತೆಯಲ್ಲಿದ್ದರೂ ಖಾಸಗಿ ವಾಹನ ಸಾರ್ವಜನಿಕ ಸ್ಥಳವಲ್ಲ, ಅದಕ್ಕೆ ಕಲಂ 42 ಅನ್ವಯಿಸುತ್ತದೆ ಎಂದು 2021ರ ಬೂಟಾ ಸಿಂಗ್ ತೀರ್ಪು ಹೇಳಿ ಆರೋಪಿಗಳನ್ನು ಬಿಡುಗಡೆ ಮಾಡಿತು. ಅದೇ ಹೆದ್ದಾರಿಯ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನಲ್ಲಿ ಸೀಟಿನ ಕೆಳಗೆ ಸಿಕ್ಕ ಚೀಲಕ್ಕಾದರೆ ಕಲಂ 43. ಬಾತ್ಮಿಯನ್ನೂ ಕಾರಣವನ್ನೂ ಬರೆದಿಡುವ ಕಟ್ಟುಪಾಡು ಅಲ್ಲಿಲ್ಲ. ಬಸ್ಸಿನಲ್ಲಿ ಹೋಗುವವನಿಗೆ ಕಾರಿನವನಿಗಿಂತ ಕಡಿಮೆ ರಕ್ಷಣೆ ಎಂಬ ಈ ಫಲಿತಾಂಶವನ್ನು ಸಮರ್ಥಿಸುವುದು ನನಗೆ ಸಾಧ್ಯವಾಗಿಲ್ಲ.

ಅಕ್ರಮ ಝಡ್ತಿಯಲ್ಲಿ ಸಿಕ್ಕ ಸಾಕ್ಷ್ಯವೂ ನಡೆಯುತ್ತದೆ ಎಂಬ ನಿಯಮಕ್ಕೆ ನಮ್ಮಲ್ಲಿ ಆಧಾರವಾದ ತೀರ್ಪನ್ನು ಇಲ್ಲಿ ನೋಡಲೇಬೇಕು. ಆ ತೀರ್ಪಿನ ಮೂಲವೂ ಒಂದು ರಸ್ತೆಬದಿಯ ಝಡ್ತಿಯಲ್ಲೇ ಇದೆ. 1950ರ ದಶಕದ ಆರಂಭದಲ್ಲಿ, ಮಾವ್ ಮಾವ್ ಬಂಡಾಯದ ತುರ್ತುಸ್ಥಿತಿಯಿದ್ದ ಕೀನ್ಯಾದಲ್ಲಿ ಕುರುಮ ಎಂಬ ಕೂಲಿಯಾಳು ಸೈಕಲ್ ಮೇಲೆ ಹೋಗುತ್ತಿದ್ದಾಗ ಅವನನ್ನು ಪೊಲೀಸ್ ತಡೆಯಲ್ಲಿ ನಿಲ್ಲಿಸಲಾಯಿತು. ಝಡ್ತಿ ಮಾಡುವ ಅಧಿಕಾರ ಅಸಿಸ್ಟೆಂಟ್ ಇನ್‌ಸ್ಪೆಕ್ಟರ್ ಮತ್ತು ಮೇಲಿನವರಿಗೆ ಮಾತ್ರ ಇತ್ತು. ಮಾಡಿದವರು ಅದಕ್ಕಿಂತ ಕೆಳಗಿನವರು. ಎರಡು ಗುಂಡು ಸಿಕ್ಕವೆಂದು ಮರಣದಂಡನೆ ಆಯಿತು. ಗುಂಡಿನ ಜೊತೆ ಸಿಕ್ಕಿತೆಂದ ಕಿರುಚಾಕು ವಿಚಾರಣೆಯಲ್ಲಿ ಹಾಜರಾಗಲೇ ಇಲ್ಲ. ಆದರೂ ಮೇಲ್ಮನವಿ ಕೇಳಿದ ಪ್ರಿವಿ ಕೌನ್ಸಿಲ್, ಸಾಕ್ಷ್ಯ ಪ್ರಸ್ತುತವಾಗಿದ್ದರೆ ಸಾಕು, ಅದು ಹೇಗೆ ಬಂತೆಂಬುದು ಮುಖ್ಯವಲ್ಲ ಎಂದಿತು. 1973ರ ಡಿಸೆಂಬರಿನಲ್ಲಿ ಪೂರಣ್ ಮಲ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಈ ತೀರ್ಪಿನ ನೆರವು ಪಡೆಯಿತು. ವಸಾಹತಿನ ತುರ್ತುಸ್ಥಿತಿಯ ನ್ಯಾಯ ಸ್ವತಂತ್ರ ದೇಶದ ಆದಾಯ ತೆರಿಗೆ ಪ್ರಕರಣದ ಮೂಲಕ ನಮ್ಮ ಹೆದ್ದಾರಿಗಳಿಗೆ ಬಂದದ್ದು ಹೀಗೆ. ಪೂರಣ್ ಮಲ್ ಆಧರಿಸಿದ್ದ ಇನ್ನೊಂದು ತೀರ್ಪು 1954ರ ಎಂ.ಪಿ. ಶರ್ಮಾ. ಖಾಸಗಿತನ ಮೂಲಭೂತ ಹಕ್ಕಲ್ಲ ಎಂಬ ಅದರ ಮಾತನ್ನು 2017ರ ಪುಟ್ಟಸ್ವಾಮಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳು ತಳ್ಳಿಹಾಕಿದರು. ಬಲದೇವ್ ಸಿಂಗ್ ತೀರ್ಪೂ ಪೂರಣ್ ಮಲ್ ವ್ಯಾಪ್ತಿಯನ್ನು ಕಿರಿದು ಮಾಡಿದೆ. ಬುನಾದಿ ಸಡಿಲವಾದ ಮೇಲೂ ಕಟ್ಟಡವನ್ನು ಹಾಗೆಯೇ ಬಳಸುತ್ತಿದ್ದೇವೆ.

ಹಾಗಾದರೆ ವಾಹನದ ಝಡ್ತಿಗೂ ಒಪ್ಪಿಗೆ ಕಡ್ಡಾಯವಾಗಲಿ ಎನ್ನೋಣವೇ? ನನಗೆ ಅದರಲ್ಲಿ ನಂಬಿಕೆಯಿಲ್ಲ. ಒಪ್ಪಿಗೆಯ ಮೇಲೆ ಹೆಚ್ಚು ಭಾರ ಹಾಕಿದ ಅಮೆರಿಕದಲ್ಲೇ, 1973ರಲ್ಲಿ ಒಂದು ಕಾರಿನ ಝಡ್ತಿಯ ಪ್ರಕರಣದಲ್ಲಿ, ನಿರಾಕರಿಸುವ ಹಕ್ಕಿದೆಯೆಂದು ಪೊಲೀಸರು ತಿಳಿಸಬೇಕಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ರಾತ್ರಿ ಹೊತ್ತು, ಸುತ್ತ ಖಾಕಿ, ಬೀಗದ ಕೈ ಆಗಲೇ ಅವರ ಕೈಯಲ್ಲಿ. ಅಂಥಲ್ಲಿ ‘ಆಗಲಿ ಸಾಹೇಬ್ರ’ ಎಂದವನ ಮಾತಿಗೆ ಸಮ್ಮತಿಯೆಂಬ ಬೆಲೆ ಕಟ್ಟಲಾಗದು. ನಿಜವಾದ ಬಾತ್ಮಿ ಇದ್ದರೆ ಅವನು ಬೇಡವೆಂದರೂ ಡಿಕ್ಕಿ ತೆರೆಯಲೇಬೇಕು. ಬೇಕಾದದ್ದು ತೆರೆದಾಗ ಏನಿತ್ತು ಎಂಬುದಕ್ಕೆ ಆಮೇಲೆ ತಿದ್ದಲಾಗದ ದಾಖಲೆ.

ಪೊಲೀಸರ ಕಡೆಯ ಆಕ್ಷೇಪ ಹಗುರವಾದದ್ದಲ್ಲ. 2022ರ ಸೆಪ್ಟೆಂಬರಿನಲ್ಲಿ ಗಾಂಜಾ ಜಾಡು ಹಿಡಿದು ಮಹಾರಾಷ್ಟ್ರ ಗಡಿಗೆ ಹೋದ ಕಮಲಾಪುರದ ಸರ್ಕಲ್ ಇನ್‌ಸ್ಪೆಕ್ಟರ್ ಮೇಲೆ ಗುಂಪೊಂದು ದಾಳಿ ಮಾಡಿ ಗಂಭೀರವಾಗಿ ಗಾಯಗೊಳಿಸಿತ್ತು. ಜೀವ ಪಣಕ್ಕಿಟ್ಟು ಹಿಡಿದ ಪ್ರಕರಣ ಒಂದು ಹಾಳೆಯ ಲೋಪದಿಂದ ಬಿದ್ದುಹೋದರೆ ಆಗುವ ನೋವನ್ನು ಅಲ್ಲಗಳೆಯಲಾಗದು. ಆದರೆ ಆ ನೋವಿಗೆ ಕಾರಣ ಕಾನೂನಿನ ಬಿಗಿಯೊಂದೇ ಅಲ್ಲ. ಠಾಣೆಯಲ್ಲಿ ಕೂತು ಬರೆದ ಪಂಚನಾಮೆ, ಅದಕ್ಕೆ ಸಹಿ ಹಾಕಿ ವರ್ಷಗಳ ನಂತರ ಪಾಟೀಸವಾಲಿನಲ್ಲಿ ತಿರುಗಿಬೀಳುವ ಪಂಚರು ಕೂಡ ಕಾರಣ. ಪ್ರಾಮಾಣಿಕ ಅಧಿಕಾರಿಗೆ ಪಂಚನ ನೆನಪಿಗಿಂತ ಕ್ಯಾಮೆರಾ ಒಳ್ಳೆಯ ಸಾಕ್ಷಿ.

ಆ ದಾರಿ ಈಗಾಗಲೇ ಕಾಯ್ದೆಯಲ್ಲಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105, ಝಡ್ತಿ ಮತ್ತು ಜಪ್ತಿಯನ್ನು, ಪಟ್ಟಿ ಬರೆದು ಪಂಚರ ಸಹಿ ಪಡೆಯುವುದೂ ಸೇರಿ, ವಿಡಿಯೊದಲ್ಲಿ ದಾಖಲಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕೆನ್ನುತ್ತದೆ. ‘ಸ್ಥಳ’ ಎಂದರೆ ವಾಹನವೂ ಸೇರುತ್ತದೆಂದು ಸಂಹಿತೆಯ ವ್ಯಾಖ್ಯೆಯಲ್ಲೇ ಇದೆ. ಎನ್‌ಡಿಪಿಎಸ್ ಕಾಯ್ದೆಯ ಕಲಂ 51 ಆ ನಿಯಮಗಳನ್ನು ಈ ಪ್ರಕರಣಗಳಿಗೂ ತರುತ್ತದೆ. ಇದು ಆಗದ ಕೆಲಸ ಎನ್ನುವಂತಿಲ್ಲ: ಚುನಾವಣೆ ಬಂದಾಗ ಇದೇ ಜಿಲ್ಲೆಯ ಚೆಕ್‌ಪೋಸ್ಟ್‌ಗಳಲ್ಲಿ ನಗದು ಹುಡುಕುವ ತಂಡಗಳ ಜೊತೆ ವಿಡಿಯೊಗ್ರಾಫರ್ ಇರುತ್ತಾರೆ. ಕೊರತೆ ಒಂದೇ. ದಾಖಲೆ ಮಾಡದಿದ್ದರೆ ಸಾಕ್ಷ್ಯಕ್ಕೆ ಏನಾಗುತ್ತದೆಂದು ಸಂಹಿತೆ ಹೇಳಿಲ್ಲ. ಅಕ್ರಮ ಝಡ್ತಿಗೆ ಎನ್‌ಡಿಪಿಎಸ್ ಕಾಯ್ದೆ ಅಧಿಕಾರಿಗೆ ಇಟ್ಟಿರುವ ಶಿಕ್ಷೆ ಆರು ತಿಂಗಳವರೆಗಿನ ಸಜೆ ಅಥವಾ ಸಾವಿರ ರೂಪಾಯಿವರೆಗಿನ ದಂಡ ಇಲ್ಲವೇ ಎರಡೂ. ಅದರ ಭಯದಿಂದ ಯಾವ ಅಧಿಕಾರಿಯೂ ಮೊಬೈಲ್ ಹೊರತೆಗೆಯುವುದಿಲ್ಲ. ಬಲದೇವ್ ಸಿಂಗ್ ತೀರ್ಪು ಜೇಬಿಗೆ ಮಾಡಿದ್ದನ್ನು ನ್ಯಾಯಾಲಯಗಳು ಡಿಕ್ಕಿಗೂ ಮಾಡಬೇಕು: ಕಾರಣ ಬರೆಯದೆ ವಿಡಿಯೊ ಬಿಟ್ಟಲ್ಲಿ, ಆ ಜಪ್ತಿಯ ಮೇಲಷ್ಟೇ ಶಿಕ್ಷೆ ಕೊಡಬಾರದು. 2013ರಿಂದ ಕಾಯಂ ಆಗಿರುವ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಈ ಮಾತು ಹೇಳುವ ಅಧಿಕಾರವಿದೆ. ಅಲ್ಲಿಯವರೆಗೆ, ಜಿಲ್ಲಾ ನ್ಯಾಯಾಲಯದಲ್ಲಿ ಇಂಥ ಪ್ರಕರಣ ನಡೆಸುವ ವಕೀಲರು ಮೊದಲ ರಿಮ್ಯಾಂಡಿನ ದಿನವೇ ವಿಡಿಯೊ ಎಲ್ಲಿದೆಯೆಂದು ಕೇಳಿ, ಬಂದ ಉತ್ತರವನ್ನು ಆದೇಶದ ಹಾಳೆಯಲ್ಲಿ ಬರೆಸಬೇಕು.