ಶಿಲಾಚಿತ್ರಗಳೂ ನೀರಿನ ನೆಲೆಗಳೂ: ಒಂದು ವಿಮರ್ಶೆ

ಮರುಭೂಮಿಯಲ್ಲಿ ಶಿಲಾಚಿತ್ರವಿದ್ದೆಡೆ ಒಂದು ಕಾಲಕ್ಕೆ ನೀರಿದ್ದಿತೆಂಬ ಮಾತು ಪ್ರಾಗಿತಿಹಾಸದ ಚರ್ಚೆಗಳಲ್ಲಿ ರೂಢವಾಗಿದೆ. ಸಹಾರಾದ ತಸ್ಸಿಲಿ ಪ್ರಸ್ಥಭೂಮಿ ಇದಕ್ಕೆ ಪ್ರಬಲ ನಿದರ್ಶನ. ಇಂದು ಬರಡಾಗಿರುವ ಅಲ್ಲಿನ ಬಂಡೆಗಳ ಮೇಲೆ ದನಗಳ ಹಿಂಡುಗಳೇ ಚಿತ್ರಿತವಾಗಿವೆ. ಆದರೆ ಈ ಸೂತ್ರವನ್ನು ರಾಯಚೂರು ಸೀಮೆಗೆ ಹಾಗೆಯೇ ಅನ್ವಯಿಸಬಹುದೇ? ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡು ಬರಪೀಡಿತವೇ ಹೊರತು ಮರುಭೂಮಿಯಲ್ಲ.

ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ಎಫ್. ಆರ್. ಆಲ್ಚಿನ್ ಉತ್ಖನನ ನಡೆಸಿದ್ದು 1952ರಲ್ಲಿ, ಹೈದರಾಬಾದು ರಾಜ್ಯದ ಕಾಲದಲ್ಲಿ. ವರದಿ ಹೈದರಾಬಾದಿನಿಂದ ಪ್ರಕಟವಾದದ್ದು 1960ರಲ್ಲಿ; ಅಷ್ಟರಲ್ಲಿ, 1956ರಲ್ಲಿಯೇ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತ್ತು. ಬಂಡೆ ಅಲ್ಲಿ, ಗ್ರಂಥ ಇಲ್ಲಿ. ಬೇಗಂ ಬಜಾರಿನ ಕನ್ನಡಿಗನಿಗೆ ಈ ಅಗಲಿಕೆಯನ್ನು ವಿವರಿಸಬೇಕಾಗಿಲ್ಲ.

ವರದಿಯ ಹಿರಿಮೆಯೆಂದರೆ, ಹಿಣಿಲುಳ್ಳ ದನಗಳ ಚಿತ್ರಗಳನ್ನು ನವಶಿಲಾಯುಗದ ದನಗಾಹಿಗಳ ವಸತಿಯೊಡನೆ ಇಟ್ಟು ನೋಡಿದುದು. 1957ರಲ್ಲಿ ಅವರು ಉತ್ಖನನ ಮಾಡಿದ, ಇಂದು ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿದಿಬ್ಬದಲ್ಲಿ ದನಗಳ ಗೊರಸಿನ ಗುರುತುಗಳೇ ದೊರೆತು ಈ ಸಂಬಂಧ ದೃಢವಾಯಿತು. ದನವಿದ್ದೆಡೆ ನೀರು ಅನಿವಾರ್ಯ, ನಿಜ. ಆದರೆ ಜನ ಒಂದು ಕಣಿವೆಯಲ್ಲಿ ನೆಲಸಲು ನೀರು ಕಾರಣವಾದರೆ, ಒಂದು ನಿರ್ದಿಷ್ಟ ಬಂಡೆಯ ಮೇಲೆ ಚಿತ್ರಿಸಲೂ ಅದೇ ಕಾರಣವೆಂದಾಗುವುದಿಲ್ಲ. ಮೇಲಿನ ಸೂತ್ರ ಈ ಎರಡು ಪ್ರಶ್ನೆಗಳನ್ನು ಒಂದಾಗಿಸುತ್ತದೆ.

ತುಂಗಭದ್ರೆಯ ದಕ್ಷಿಣಕ್ಕೆ, ಬಳ್ಳಾರಿಯ ಸಮೀಪದ ಕುಪ್ಪಗಲ್ಲು ಬೆಟ್ಟ ಈ ಭೇದವನ್ನು ಸ್ಪಷ್ಟಪಡಿಸುತ್ತದೆ. ಅಲ್ಲಿ ಕುಟ್ಟುಚಿತ್ರಗಳು ದಟ್ಟವಾಗಿರುವುದು ಗ್ರಾನೈಟನ್ನು ಸೀಳಿಕೊಂಡು ಹೋದ ಕರಿಗಲ್ಲಿನ ಸಾಲಿನಲ್ಲಿ. ಕೆಲವು ಬಂಡೆಗಳು ಬಡಿದರೆ ಗಂಟೆಯಂತೆ ನುಡಿಯುತ್ತವೆ. ನಿಕೋಲ್ ಬೊವಾಂ 2004ರಲ್ಲಿ ಚಿತ್ರಗಳನ್ನು ಈ ನಾದದೊಡನೆ ಕೂಡಿಸಿ ಪರಿಶೀಲಿಸಿದರು. ಅಲ್ಲಿ ಬಂಡೆಯನ್ನು ಆರಿಸಿದ್ದು ನೀರಲ್ಲ, ಕಲ್ಲಿನ ಗುಣ. ಹೊಳೆಯ ಉತ್ತರಕ್ಕೆ, ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನಲ್ಲಿ ಚಿತ್ರಗಳೂ ಶಿಲಾಸಮಾಧಿಗಳೂ ಉಂಟು. ಸಮಾಧಿಗಳ ನಡುವೆ ಕೊಳವೂ ಉಂಟು. ಆದರೆ ಚಪ್ಪಡಿ ತೆಗೆದ ಗಣಿಯೇ ನೀರು ನಿಲ್ಲುವ ತಾಣವಾಯಿತೆಂದು ವಿದ್ವಾಂಸರ ಅಭಿಪ್ರಾಯ. ಜನ ನೀರನ್ನು ಹುಡುಕಿದ್ದಷ್ಟೇ ಅಲ್ಲ, ನಿಲ್ಲಿಸಿಯೂ ಕೊಂಡರು.

ಆದುದರಿಂದ ಚಿತ್ರವನ್ನು ನೀರಿನ ಫಲಕವೆಂದು ಓದುವುದು ಅವಸರದ ತೀರ್ಮಾನ. ನೀರನ್ನು ಬಿಟ್ಟು ಓದುವುದು ಅಪೂರ್ಣ. ಚಿತ್ರ, ವಸತಿ, ಬೂದಿದಿಬ್ಬ, ಕೊಳ ಇವೆಲ್ಲವನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಬೇಕು. ಇದು ಕೇವಲ ಪಾಂಡಿತ್ಯದ ವಿಷಯವಲ್ಲ. ಕುಪ್ಪಗಲ್ಲಿನ ಬೆಟ್ಟವನ್ನು ಕಲ್ಲುಗಣಿ ಈಗಾಗಲೇ ಕೊರೆದಿದೆ. ಚಿತ್ರವಿರುವ ಬಂಡೆಯೊಂದನ್ನೇ ಕಾಯ್ದು ಸುತ್ತಲಿನ ನೆಲವನ್ನು ಬಿಟ್ಟುಕೊಟ್ಟರೆ, ಅದರ ಎತ್ತು ಯಾವ ಕೊಳಕ್ಕೆ ಇಳಿಯುತ್ತಿತ್ತೆಂಬ ಪ್ರಶ್ನೆಗೆ ಉತ್ತರ ಹೇಳಲು ಸಾಕ್ಷಿಯೇ ಉಳಿಯದು.